ಮದುವೆ ಊಟದ ಮರುದಿನ ತೂಕ ಏರಿದೆ, ಬಿಟ್ಟುಬಿಡಲಾ?

ಪ್ರಶ್ನೆ: ನಾನು 42 ವರ್ಷದ ಹೆಂಗಸು, ಮೈಸೂರಿನಲ್ಲಿದ್ದೇನೆ. ಕೂತು ಮಾಡುವ ಕೆಲಸ. ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದರು. ಆಗ 76 ಕೆಜಿ ಇದ್ದೆ. ಬೆಳಿಗ್ಗೆ ವಾಕಿಂಗ್ ಶುರು ಮಾಡಿದೆ, ಅನ್ನ ಕಮ್ಮಿ ಮಾಡಿದೆ, ಸಂಜೆಯ ಬೋಂಡಾ ಬಿಟ್ಟೆ. ಮೊದಲ ವಾರದಲ್ಲೇ 2 ಕೆಜಿ ಇಳಿಯಿತು. ಆಮೇಲೆ ಐದು ವಾರದಿಂದ 74ರ ಆಸುಪಾಸಿನಲ್ಲೇ ಕುಣಿಯುತ್ತಿದೆ. ದಿನಾ ಬೆಳಿಗ್ಗೆ ನೋಡುತ್ತೇನೆ, ಒಮ್ಮೊಮ್ಮೆ ರಾತ್ರಿಯೂ. ಮೊನ್ನೆ ಮದುವೆಗೆ ಹೋಗಿ ಬಂದ ಮರುದಿನ 1.4 ಕೆಜಿ ಜಾಸ್ತಿ ತೋರಿಸಿತು. ಅಳುವೇ ಬಂತು. ಅವತ್ತು ವಾಕಿಂಗ್‌ಗೂ ಹೋಗಲಿಲ್ಲ. ಈ ಮಷೀನಿನ ಗೀಳಿಗೆ ಬೀಳದೆ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ? ಮುಂದಿನ ವಾರ ಒಂದು ಗೃಹಪ್ರವೇಶ ಬೇರೆ ಇದೆ. ಹೋಗಲೋ ಬೇಡವೋ?

ಉತ್ತರ: ಮೊದಲು ಆ 1.4 ಕೆಜಿಯ ಲೆಕ್ಕ ಚುಕ್ತಾ ಮಾಡೋಣ.

ಮೈಯಲ್ಲಿ ಒಂದು ಕೆಜಿ ಕೊಬ್ಬು ಕೂರಬೇಕಾದರೆ ಸುಮಾರು 7,700 ಕ್ಯಾಲೊರಿ ಬೇಕು. ಅದೂ ದಿನದ ಖರ್ಚೆಲ್ಲ ಕಳೆದು ಮಿಕ್ಕ ಕ್ಯಾಲೊರಿ. 1.4 ಕೆಜಿಗೆ ಹತ್ತಿರ ಹತ್ತಿರ 10,800 ಆಯಿತು. ತುಪ್ಪ ಹಾಕಿದ ಒಂದು ಹೋಳಿಗೆಗೆ 300 ಅಂತ ಧಾರಾಳವಾಗಿ ಹಿಡಿದರೂ 36 ಹೋಳಿಗೆ. ದಿನದ ಮಾಮೂಲಿ ಊಟ ತಿಂಡಿ ಮುಗಿಸಿ, ಅದರ ಮೇಲೆ ಈ 36. ಬಡಿಸುವವರು ಎಲೆ ಮುಂದೆ ನಿಂತು ಎಷ್ಟೇ ಒತ್ತಾಯ ಮಾಡಿದರೂ ಅಷ್ಟು ಇಳಿಯುವುದಿಲ್ಲ, ಅಲ್ವಾ? ನೀವು ಮೂರು ತಿಂದಿದ್ದರೆ ಹೆಚ್ಚು.

ಹಾಗಾದರೆ ಏರಿದ್ದು ಏನು? ಬಹುಪಾಲು ನೀರು. ಎಲೆಯ ಎಡ ತುದಿಯಿಂದ ನೋಡುತ್ತಾ ಬನ್ನಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಹಪ್ಪಳ, ಪುಳಿಯೋಗರೆ, ಹುಳಿ, ಸಾರು, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ. ಒಂದೇ ಸಲಕ್ಕೆ ಅಷ್ಟು ಉಪ್ಪು ಹೋದರೆ ದೇಹ ಅದಕ್ಕೆ ತಕ್ಕಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಕಿಡ್ನಿ ನಿಧಾನವಾಗಿ ಹೊರಗೆ ಹಾಕುತ್ತದೆ. ಇದರ ಜೊತೆಗೆ ಊಟದ್ದೇ ತೂಕ ಇದೆ. ನೀರು, ಮಜ್ಜಿಗೆ ಎಲ್ಲ ಸೇರಿ ಒಂದು ಮದುವೆ ಊಟ ಸಲೀಸಾಗಿ ಒಂದು ಕೆಜಿ ಮುಟ್ಟುತ್ತದೆ. ಬೆಳಿಗ್ಗೆ ನೀವು ಮಷೀನ್ ಹತ್ತಿದಾಗ ಅದರಲ್ಲಿ ಸುಮಾರು ಭಾಗ ಇನ್ನೂ ಕರುಳಿನಲ್ಲೇ ಪ್ರಯಾಣ ಮಾಡುತ್ತಿರುತ್ತದೆ.

ಇನ್ನೊಂದು ಮಾತು ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ಮೊದಲ ವಾರ ಇಳಿದ 2 ಕೆಜಿಯಲ್ಲೂ ಹೆಚ್ಚಿನ ಪಾಲು ನೀರೇ. ಅನ್ನ, ಮುದ್ದೆ, ಚಪಾತಿಯಿಂದ ಬಂದ ಸಕ್ಕರೆಯಲ್ಲಿ ಒಂದಿಷ್ಟನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಮಾಂಸಖಂಡದಲ್ಲಿ, ಲಿವರ್‌ನಲ್ಲಿ ದಾಸ್ತಾನು ಮಾಡುತ್ತದೆ. ದೊಡ್ಡವರಲ್ಲಿ ಇದು ಸುಮಾರು 400-500 ಗ್ರಾಂ. ಒಂದೊಂದು ಗ್ರಾಂಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ಕಮ್ಮಿ ಮಾಡಿ ನಡೆಯೋಕೆ ಶುರು ಮಾಡಿದ ಕೂಡಲೇ ಮೊದಲು ಖಾಲಿಯಾಗುವುದು ಈ ದಾಸ್ತಾನು, ಜೊತೆಗೆ ಅದರ ನೀರು. ಮದುವೆಯಲ್ಲಿ ಅನ್ನ, ಹೋಳಿಗೆ ಸಿಕ್ಕ ಕೂಡಲೇ ಮತ್ತೆ ತುಂಬಿಕೊಳ್ಳುತ್ತದೆ. ಅಂದರೆ ಮೊದಲ ವಾರ ನೀವು ಹಿಗ್ಗಿದ್ದೂ ನೀರಿಗೆ, ಮೊನ್ನೆ ಅತ್ತಿದ್ದೂ ನೀರಿಗೆ.

ಕೊಬ್ಬಿನ ನಡಿಗೆಯೇ ಬೇರೆ. ವಾಕಿಂಗ್, ಬಿಟ್ಟ ಬೋಂಡಾ, ಕಮ್ಮಿಯಾದ ಅನ್ನ ಎಲ್ಲ ಸೇರಿ ದಿನಕ್ಕೆ 300 ಕ್ಯಾಲೊರಿ ಕಡಿತ ಆಗುತ್ತಿದೆ ಎಂದುಕೊಳ್ಳಿ. ಅದೇನು ಸಣ್ಣದಲ್ಲ. 7,700ರ ಲೆಕ್ಕದಲ್ಲಿ ಅದು ದಿನಕ್ಕೆ ಸುಮಾರು 40 ಗ್ರಾಂ ಕೊಬ್ಬು. ಒಂದು ನಿಂಬೆಹಣ್ಣಿನ ತೂಕ. ದಿನಕ್ಕೊಂದು ನಿಂಬೆಹಣ್ಣು ಮೈಯಿಂದ ಇಳಿಯುತ್ತಿದೆ, ಅದೇ ಹೊತ್ತಿಗೆ ಒಂದು ಒಂದೂವರೆ ಲೀಟರ್ ನೀರು ಬರುತ್ತಾ ಹೋಗುತ್ತಾ ಇದೆ. ಆ ಗಲಾಟೆಯಲ್ಲಿ ನಿಂಬೆಹಣ್ಣು ಕಾಣುವುದಾದರೂ ಹೇಗೆ? ಮನೆಯಲ್ಲಿ ಇಟ್ಟುಕೊಳ್ಳುವ ಬಹಳಷ್ಟು ಮಷೀನ್‌ಗಳು 100 ಗ್ರಾಂಗಿಂತ ಸಣ್ಣ ವ್ಯತ್ಯಾಸವನ್ನು ತೋರಿಸುವುದೂ ಇಲ್ಲ.

ನಂಬಿಕೆ ಬಾರದಿದ್ದರೆ ನಾಳೆ ಒಂದು ಆಟ ಆಡಿ. ತೂಕ ನೋಡಿ. ಎರಡು ದೊಡ್ಡ ಲೋಟ ನೀರು ಕುಡಿದು ಮತ್ತೆ ಹತ್ತಿ. ಅರ್ಧ ಕೆಜಿ ಏರಿರುತ್ತದೆ. ಐದು ನಿಮಿಷದಲ್ಲಿ ನೀವೇನು ದಪ್ಪ ಆಗಿಲ್ಲವಲ್ಲ! ಆಮೇಲೆ ಮಷೀನನ್ನು ಬೇರೆ ಟೈಲ್ಸ್ ಮೇಲೆ ಇಟ್ಟು ನೋಡಿ. ನಮ್ಮ ಮನೆಯ ಮಷೀನ್ ಬಚ್ಚಲ ಬಾಗಿಲಲ್ಲಿ ಒಂದು ತೂಕ ಹೇಳುತ್ತದೆ, ಹಾಲ್‌ನಲ್ಲಿ 600 ಗ್ರಾಂ ಕಮ್ಮಿ ಹೇಳುತ್ತದೆ. ಸುಮಾರು ದಿನ ನಾನು ಹಾಲ್‌ನ ತೂಕವನ್ನೇ ನಂಬಿಕೊಂಡಿದ್ದೆ.

ರೈಲ್ವೆ ಸ್ಟೇಷನ್ನಿನಲ್ಲಿ ಹಿಂದೆ ಒಂದು ದೊಡ್ಡ ತೂಕದ ಮಷೀನ್ ಇರುತ್ತಿತ್ತು, ನೆನಪಿದೆಯಾ? ಬಣ್ಣದ ಲೈಟು ಮಿಣಮಿಣ ಅನ್ನುತ್ತಿತ್ತು. ನಾಣ್ಯ ಹಾಕಿದರೆ ಟಕ್ ಅಂತ ಒಂದು ಪುಟ್ಟ ರಟ್ಟಿನ ಟಿಕೆಟ್ ಬೀಳುತ್ತಿತ್ತು. ಅದರಲ್ಲಿ ತೂಕವೂ ಇರುತ್ತಿತ್ತು, ಭವಿಷ್ಯವೂ ಇರುತ್ತಿತ್ತು. ಈಗಿನ ಗಾಜಿನ ಮಷೀನ್ ಭವಿಷ್ಯ ಅಚ್ಚು ಹಾಕುವುದಿಲ್ಲ. ನಾವೇ ಓದಿಕೊಳ್ಳುತ್ತೇವೆ: 74.8, ನನ್ನ ಕೈಲಿ ಆಗಲ್ಲ, 73.9, ಇವತ್ತು ಒಳ್ಳೆಯ ದಿನ.

ಈಗ ನಿಮ್ಮ ಐದು ವಾರಕ್ಕೆ ಬರೋಣ. ನಿಂಬೆಹಣ್ಣಿನ ಲೆಕ್ಕದಲ್ಲಿ 35 ದಿನಕ್ಕೆ 35 ನಿಂಬೆ, ಅಂದರೆ ಸುಮಾರು 1.4 ಕೆಜಿ. ಮದುವೆಯ ಒಂದು ಊಟದ ನೀರು ಇಷ್ಟೂ ಕೆಲಸವನ್ನು ಮುಚ್ಚಿಹಾಕಲು ಸಾಕು. ಅದಕ್ಕೆ ಮುಂಚೆಯೂ ಮೊದಲ ವಾರ ಹೋಗಿದ್ದ ನೀರಿನಲ್ಲಿ ಒಂದಿಷ್ಟು ವಾಪಸ್ ಬಂದಿರಬಹುದು. ಹೊಸದಾಗಿ ನಡೆಯೋಕೆ ಶುರು ಮಾಡಿದವರ ಮಾಂಸಖಂಡ ನೋವಿನ ಜೊತೆ ನೀರನ್ನೂ ಹಿಡಿದುಕೊಳ್ಳುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಬಹಳ ಹೆಂಗಸರಿಗೆ ಮೈ ಭಾರವಾಗುತ್ತದೆ. ಇದೆಲ್ಲ ಆಗಿರಬಹುದು. ಅಥವಾ ಇಳಿಕೆ ನಿಜವಾಗಿಯೂ ನಿಂತಿರಬಹುದು. ಯಾವುದು ಅಂತ ಮಷೀನ್ ಹೇಳುವುದಿಲ್ಲ. ಬೇರೆ ಸಾಕ್ಷಿ ಬೇಕು.

ನಿಮ್ಮ ಡಾಕ್ಟರ್ ತೂಕ ಇಳಿಸಿ ಎಂದಿದ್ದು ಸಕ್ಕರೆಗೋಸ್ಕರ ತಾನೆ? ಹಾಗಾದರೆ ನಿಮಗೆ ಚೆನ್ನೈನ ಒಂದು ಅಧ್ಯಯನದ ಬಗ್ಗೆ ಹೇಳಲೇಬೇಕು. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದವರು 2006ರಲ್ಲಿ ಪ್ರಕಟಿಸಿದ್ದು. ನಿಮ್ಮ ಹಾಗೆಯೇ ಸಕ್ಕರೆ ಗಡಿಯಲ್ಲಿದ್ದ 531 ಜನರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಸಲಹೆ ಅಷ್ಟೇ. ಇನ್ನೊಂದು ಗುಂಪಿಗೆ ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ, ಸಕ್ಕರೆ ಬಿಡುವುದು, ಎಣ್ಣೆ ಮತ್ತು ಪಾಲಿಶ್ ಮಾಡಿದ ಧಾನ್ಯ ಕಮ್ಮಿ, ನಾರಿನ ಪದಾರ್ಥ ಜಾಸ್ತಿ. ಉಳಿದ ಗುಂಪುಗಳಿಗೆ ಮಾತ್ರೆ. ಮೂರು ವರ್ಷದಲ್ಲಿ ಮಾಮೂಲಿ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಡಯಾಬಿಟಿಸ್ ಬಂತು. ನಡೆದ ಗುಂಪಿನಲ್ಲಿ ಸುಮಾರು 39 ಜನರಿಗೆ. ಈಗ ಮುಖ್ಯವಾದದ್ದು ಕೇಳಿ: ನಡೆದವರ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಅವರಲ್ಲಿ ಯಾರಾದರೂ ನಿಮ್ಮ ಹಾಗೆ ಮಷೀನ್ ನೋಡಿ ಕೈಬಿಟ್ಟಿದ್ದರೆ, ಒಳಗೆ ಆಗುತ್ತಿದ್ದ ಒಳ್ಳೆಯದನ್ನೂ ಬಿಟ್ಟ ಹಾಗಾಗುತ್ತಿತ್ತು.

ತೂಕ ಇಳಿಸೋದೇ ಬೇಡ ಎನ್ನುತ್ತಿಲ್ಲ. ಇಳಿದರೆ ಇನ್ನೂ ಒಳ್ಳೆಯದು. ನೂರಕ್ಕೆ ಐದರಷ್ಟು, ನಿಮ್ಮ ಲೆಕ್ಕದಲ್ಲಿ ನಾಲ್ಕು ಕೆಜಿಗೂ ಕಮ್ಮಿ, ಇಳಿದರೂ ಸಕ್ಕರೆ, ಬಿಪಿ ಸುಧಾರಿಸಲು ಶುರುವಾಗುತ್ತದೆ. ಆದರೆ ನಿಮ್ಮ ನಿಜವಾದ ಮಾರ್ಕ್ಸ್ ಕಾರ್ಡ್ ಇರುವುದು ಲ್ಯಾಬಿನಲ್ಲಿ. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಹಿಂದಿನ ದಿನದ ಹೋಳಿಗೆಗೆ ಅದು ಜಗ್ಗುವುದಿಲ್ಲ.

ಮನೆಯಲ್ಲೇ ಸಿಗುವ ಸಾಕ್ಷಿ ಎಂದರೆ ಇಂಚ್ ಟೇಪ್. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ ಸುತ್ತಿ, ಉಸಿರು ಸಹಜವಾಗಿ ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಅಲ್ಲಿ ಯಾರೂ ಫೋಟೋ ತೆಗೆಯುತ್ತಿಲ್ಲ. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟದಿದ್ದರೆ ಒಳ್ಳೆಯದು. ನಮ್ಮವರಿಗೆ ಕೈಕಾಲು ಸಣ್ಣ ಇದ್ದರೂ ಕೊಬ್ಬು ಹೊಟ್ಟೆಯಲ್ಲೇ ಕೂರುತ್ತದೆ. ಹಾಗಾಗಿ ತೂಕಕ್ಕಿಂತ ಸೊಂಟದ ಮಾತು ಜಾಸ್ತಿ ಕೇಳಬೇಕು. ತಿಂಗಳಿಗೆ ಒಂದು ಸಲ ನೋಡಿದರೆ ಸಾಕು.

ಟೇಪ್‌ಗಿಂತ ನನಗೆ ಇಷ್ಟವಾಗುವ ಅಳತೆ ಇನ್ನೊಂದಿದೆ. ನಿಮ್ಮ ಹಳೆಯ ರೇಷ್ಮೆ ಬ್ಲೌಸನ್ನು ಒಳಮುಖ ಮಾಡಿ ನೋಡಿ. ಬಗಲಿನ ಕೆಳಗೆ ಎರಡು ಮೂರು ಸಾಲು ಹೊಲಿಗೆ ಇರುತ್ತದೆ. ಮುಂದೆ ಬೇಕಾಗುತ್ತೆ ಎಂದು ಟೈಲರ್ ಬಿಟ್ಟ ಬಟ್ಟೆ ಅದು. ಮದುವೆಯಾದ ವರ್ಷ ಒಳಗಿನ ಸಾಲು. ಮಗು ಆದ ಮೇಲೆ ಅದನ್ನು ಬಿಚ್ಚಿರುತ್ತೀರಿ. ಆಮೇಲೆ ಯಾವುದೋ ನಾಮಕರಣದ ಹಿಂದಿನ ರಾತ್ರಿ ಇನ್ನೊಂದು. ಬಿಚ್ಚಿದ ಕಡೆ ಸೂಜಿಯ ತೂತಿನ ಗುರುತು ಹಾಗೇ ಉಳಿದಿರುತ್ತದೆ. ನಿಮ್ಮ ಹತ್ತು ಹದಿನೈದು ವರ್ಷದ ಲೆಕ್ಕ ಅಲ್ಲಿ ದಾರದಲ್ಲಿ ಬರೆದಿದೆ. ಆ ಬ್ಲೌಸನ್ನು ತಿಂಗಳಿಗೊಮ್ಮೆ ಹಾಕಿ ನೋಡಿ. ಹುಕ್ಕು ಎಳೆಯುತ್ತಿದೆಯಾ, ಸಲೀಸಾಗಿ ಕೂರುತ್ತಿದೆಯಾ? ಬಿಚ್ಚಿದ ಒಂದು ಸಾಲನ್ನು ಮತ್ತೆ ಹೊಲಿಯುವ ದಿನ ಬಂದರೆ, ಮಷೀನ್ ಏನಾದರೂ ಬಡಬಡಿಸಲಿ ಬಿಡಿ. ಗಂಡಸರಿಗೆ ಇದೇ ಕೆಲಸ ಬೆಲ್ಟಿನ ತೂತು ಮಾಡುತ್ತದೆ.

ನೀವು ಮೈಸೂರಿನವರು, ಚಾಮುಂಡಿ ಬೆಟ್ಟ ಇದೆ. ಮಂಡಿ ಸರಿಯಿದ್ದರೆ ತಿಂಗಳಿಗೊಂದು ಭಾನುವಾರ ಮೆಟ್ಟಿಲು ಹತ್ತಿ. ಸಾವಿರ ಮೆಟ್ಟಿಲನ್ನೂ ಹತ್ತಲೇಬೇಕೆಂದಿಲ್ಲ. ದೊಡ್ಡ ನಂದಿಯ ತನಕ ಸಾಕು. ಟೈಮ್ ನೋಡಬೇಡಿ, ಎಷ್ಟು ಸಲ ನಿಂತು ಸುಧಾರಿಸಿಕೊಂಡಿರಿ ಎಂದು ಎಣಿಸಿ. ಮೊದಲ ಸಲ ಹನ್ನೆರಡು ಸಲ ನಿಂತವರು ಮೂರನೇ ತಿಂಗಳು ಐದು ಸಲ ನಿಂತರೆ, ಹೃದಯ ಮತ್ತು ಕಾಲು ಎರಡೂ ಬದಲಾಗಿವೆ ಎಂದರ್ಥ. ಅದಕ್ಕೆ ಯಾವ ಮಷೀನಿನ ಅಪ್ಪಣೆಯೂ ಬೇಡ.

ಹಾಗಂತ ಮಷೀನನ್ನು ಗುಜರಿಗೆ ಹಾಕಬೇಡಿ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ. ಕಮ್ಮಿಯೆಂದರೂ 13.6 ಕೆಜಿ ಇಳಿಸಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಸಿಕೊಂಡವರ ಪಟ್ಟಿ ಅದು. ಅವರಲ್ಲಿ ಮುಕ್ಕಾಲು ಪಾಲು ಜನ ವಾರಕ್ಕೆ ಒಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಅಂದರೆ ನೋಡುವುದು ತಪ್ಪಲ್ಲ. ಪಂಚಾಂಗದ ಹಾಗೆ ದಿನಾ ಶಕುನ ನೋಡುವುದು ತಪ್ಪು. ವಾರಕ್ಕೊಂದು ದಿನ ಗೊತ್ತು ಮಾಡಿ. ಬುಧವಾರ ಅಥವಾ ಗುರುವಾರ ಇರಲಿ, ಭಾನುವಾರದ ಊಟದ ನೀರು ಅಷ್ಟರಲ್ಲಿ ಇಳಿದಿರುತ್ತದೆ. ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ಅದೇ ಜಾಗದಲ್ಲಿ. ಕ್ಯಾಲೆಂಡರಿನಲ್ಲಿ ಬರೆದು ಮರೆತುಬಿಡಿ. ಹೋಲಿಸುವುದು ಹೋದ ತಿಂಗಳ ಜೊತೆ, ನಿನ್ನೆಯ ಜೊತೆ ಅಲ್ಲ. ಮುಟ್ಟು ನಿಯಮಿತವಾಗಿದ್ದರೆ ಹೋದ ತಿಂಗಳ ಅದೇ ದಿನಗಳ ಜೊತೆ ಹೋಲಿಸಿ.

ಮಷೀನಿನ ನಂಬರ್ ನೋಡಿ ತಿಂಡಿ ತಿನ್ನಬೇಕೋ ಬೇಡವೋ ಎಂದು ತೀರ್ಮಾನಿಸುವ ಹಂತಕ್ಕೆ ಬಂದಿದ್ದರೆ ಮಾತ್ರ ಅದನ್ನು ಅಟ್ಟಕ್ಕೆ ಹಾಕಿ, ಡಾಕ್ಟರ್ ಹತ್ತಿರವೂ ಮಾತಾಡಿ. ಅದು ಹುಮ್ಮಸ್ಸಿನ ಸಮಸ್ಯೆ ಅಲ್ಲ.

ನೆಂಟರೂ ಒಂಥರಾ ತೂಕದ ಮಷೀನೇ. ಅತ್ತೆಗೆ ನೀವು ಸೊರಗಿದ ಹಾಗೆ ಕಾಣುತ್ತೀರಿ, ನಾದಿನಿಗೆ ದಪ್ಪ ಆದ ಹಾಗೆ. ಅದೇ ದಿನ, ಅದೇ ಸೀರೆ. ನಕ್ಕು ಸುಮ್ಮನಿರಿ.

ಮೂರು ತಿಂಗಳಾದರೂ ತೂಕ, ಟೇಪ್, ಬ್ಲೌಸ್ ಮೂರೂ ಅಲ್ಲಾಡದಿದ್ದರೆ ಆಗ ಅಡುಗೆಮನೆ ಕಡೆ ನೋಡಬೇಕು. ಹೆಚ್ಚಾಗಿ ಸಿಕ್ಕಿಬೀಳುವುದು ಎಣ್ಣೆ. ಒಂದು ಟೇಬಲ್ ಚಮಚ ಅಂದರೆ ಸುಮಾರು 120 ಕ್ಯಾಲೊರಿ, ಒಗ್ಗರಣೆಗೆ ಬಾಟಲಿಯಿಂದಲೇ ಸುರಿಯುವ ಅಭ್ಯಾಸ ಇದ್ದರೆ ಲೆಕ್ಕವೇ ಸಿಗುವುದಿಲ್ಲ. ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ನಾಲ್ಕಾದರೆ ಸಕ್ಕರೆಯೊಂದರಿಂದಲೇ ಸುಮಾರು 150. ಅಲ್ಲೂ ಏನೂ ಸಿಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರ್‌ಗೆ ತೋರಿಸಿ. ಸ್ಟಿರಾಯ್ಡ್ ಮತ್ತು ಇನ್ನು ಕೆಲವು ಔಷಧಿಗಳು ತೂಕ ಏರಿಸುತ್ತವೆ. ತೂಕ ಸರ್ರನೆ ಏರುವುದರ ಜೊತೆ ಕಾಲು ಊದಿಕೊಂಡರೆ, ಏದುಸಿರು ಬಂದರೆ ಕಾಯಬೇಡಿ, ಅವತ್ತೇ ತೋರಿಸಿ.

ಗೃಹಪ್ರವೇಶಕ್ಕೆ ಖಂಡಿತ ಹೋಗಿ. ಹೋಳಿಗೆ ಒಂದೋ ಎರಡೋ, ತುಪ್ಪ ಹಾಕಿಸಿಕೊಂಡೇ ತಿನ್ನಿ. ಕೋಸಂಬರಿ ಎರಡನೇ ಸಲ ಕೇಳಿ, ಹಪ್ಪಳ ಪಕ್ಕದವರಿಗೆ ದಾಟಿಸಿ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ವಾಕಿಂಗ್‌ಗೆ ಹೊರಡಿ. ಆ ವಾರದ ತೂಕ ಮಾತ್ರ ಮೂರು ದಿನ ಕಳೆದ ಮೇಲೆ ನೋಡಿ.