ಮೆಟಾಮ್ಯಾಜಿಕ್ ಬದಲಿಸುವುದು ಒಂದೇ ಸಾಲು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರ ಹಾಕಿ ದಾಳ ಉರುಳಿಸುವ ಆಟದಲ್ಲಿ ದುಡ್ಡು ತೆಗೆದುಕೊಂಡು ಡಿಎಂ, ಅಂದರೆ ಆಟ ನಡೆಸುವವ, ಆಗುವುದು ನನ್ನ ಕೆಲಸ. ಹಾಗಾಗಿ ಹೊಸಬರ ಜೊತೆಗೂ ಆಡುತ್ತೇನೆ, ನಿಯಮದ ಪುಸ್ತಕ ಅರೆದು ಕುಡಿದವರ ಜೊತೆಗೂ ಆಡುತ್ತೇನೆ. ಬೇರೆಯವರೆಲ್ಲ ದಿನಕ್ಕೊಂದು ಹೊಸ ತಕರಾರು ತರುತ್ತಾರೆ. ಸಾರ್ಸರರ್, ಅಂದರೆ ಮಾಂತ್ರಿಕನ ಪಾತ್ರ, ಆಡುವವರು ಮಾತ್ರ ಒಂದೇ ತಕರಾರನ್ನು ವೇಷ ಬದಲಿಸಿ ತರುತ್ತಿರುತ್ತಾರೆ. ಸ್ಪೆಲ್ ಅಂದರೆ ಪಾತ್ರ ಮಾಡುವ ಮಾಯೆ, ಅದನ್ನು ತಿದ್ದುವ ಸಾರ್ಸರರ್ ವಿದ್ಯೆ ಮೆಟಾಮ್ಯಾಜಿಕ್. ಅದನ್ನು ಹಾಕಿದ ತಕ್ಷಣ ಸ್ಪೆಲ್ ಪೂರ್ತಿ ಬದಲಾಯಿತು ಅನ್ನುವ ನಂಬಿಕೆ ಅವರದ್ದು. ಬದಲಾಗುವುದು ಒಂದು ಸಾಲು. ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತದೆ.

ಸ್ಪೆಲ್ ಅನ್ನುವುದು ತುಂಬಿಟ್ಟ ಅರ್ಜಿ ಫಾರಂ ಇದ್ದ ಹಾಗೆ. ಹಾಕಲು ಹಿಡಿಯುವ ಸಮಯ, ದೂರ, ಬೇಕಾದ ಸಾಮಗ್ರಿ, ಎಷ್ಟು ಹೊತ್ತು ಇರುತ್ತದೆ, ಏನಾಗುತ್ತದೆ, ಹೀಗೆ ಒಂದೊಂದಕ್ಕೂ ಒಂದೊಂದು ಖಾನೆ. ಮೆಟಾಮ್ಯಾಜಿಕ್ ಒಂದು ಖಾನೆಯನ್ನು ತಿದ್ದಲು ಪರ್ಮಿಷನ್ ಕೊಡುತ್ತದೆ. ಪಕ್ಕದ ಖಾನೆಗೆ ಪೆನ್ನು ಮುಟ್ಟಿಸುವ ಹಾಗಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮಗಳನ್ನೇ ಇಟ್ಟುಕೊಂಡು ಹೇಳುತ್ತೇನೆ, ನನ್ನ ಟೇಬಲ್‌ಗೆ ಬರುವವರು ಜಾಸ್ತಿ ಆಡುವುದು ಅದನ್ನೇ. 2024ರಲ್ಲಿ ಕೆಲವು ಬದಲಾಗಿವೆ, ಅದಕ್ಕೆ ಆಮೇಲೆ ಬರುತ್ತೇನೆ. ಮೆಟಾಮ್ಯಾಜಿಕ್ ಹಾಕಲು ಖರ್ಚಾಗುವುದು ಸಾರ್ಸರಿ ಪಾಯಿಂಟ್, ಅದು ಎಷ್ಟು ಸಿಗುತ್ತದೆ ಎನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಮೊದಲು ಟ್ರಾನ್ಸ್‌ಮ್ಯೂಟೆಡ್ ಸ್ಪೆಲ್. 2020ರ ಪೂರಕ ಪುಸ್ತಕದಲ್ಲಿ ಬಂದದ್ದು. 1 ಪಾಯಿಂಟ್ ಕೊಟ್ಟರೆ ಬೆಂಕಿಯ ಡ್ಯಾಮೇಜನ್ನು ಕೋಲ್ಡ್ ಡ್ಯಾಮೇಜ್ ಮಾಡಬಹುದು. ಫೈರ್‌ಬಾಲನ್ನು ಹೀಗೆ ಕೋಲ್ಡ್ ಮಾಡಿಕೊಂಡು ಒಬ್ಬ ಹುಡುಗ ಗ್ರಂಥಾಲಯದೊಳಗೆ ಎಸೆದ. ಪುಸ್ತಕಗಳು ಹೊತ್ತಿಕೊಂಡವು ಎಂದೆ. "ಅದು ಐಸ್ ಅಲ್ವಾ ಸರ್?" ಅಂದ. ಫೈರ್‌ಬಾಲ್ ವಿವರಣೆಯ ಕೊನೆಯಲ್ಲಿ, ಯಾರೂ ತೊಡದ, ಯಾರೂ ಹಿಡಿದುಕೊಳ್ಳದ, ಸುಡುವ ವಸ್ತುಗಳಿಗೆಲ್ಲ ಬೆಂಕಿ ಹತ್ತುತ್ತದೆ ಎಂದಿದೆ. ಟ್ರಾನ್ಸ್‌ಮ್ಯೂಟೆಡ್ ಮುಟ್ಟುವುದು ಡ್ಯಾಮೇಜ್ ಯಾವ ಬಗೆಯದ್ದು ಅನ್ನುವುದನ್ನು ಮಾತ್ರ. ಆ ಕೊನೆಯ ಸಾಲಿಗೆ ಯಾರೂ ಕೈ ಹಾಕಿಲ್ಲ. ಕೇಳಲು ವಿಚಿತ್ರ ಅನಿಸುತ್ತದೆ, ಒಪ್ಪುತ್ತೇನೆ. ಎಷ್ಟೋ ಡಿಎಂಗಳು ಇಲ್ಲಿ ಸುಮ್ನೆ ಬಿಟ್ಟುಬಿಡುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಅದು ಡಿಎಂ ತೋರಿಸಿದ ಧಾರಾಳತನ. ನಿಯಮ ಕೊಟ್ಟ ಹಕ್ಕಲ್ಲ.

ಕೇರ್‌ಫುಲ್ ಸ್ಪೆಲ್‌ನಿಂದ ಆಗುವ ಅನಾಹುತ ಇನ್ನೂ ಜಾಸ್ತಿ. ನೀವು ಆರಿಸಿದ ಗೆಳೆಯರು ಸೇವಿಂಗ್ ಥ್ರೋನಲ್ಲಿ, ಅಂದರೆ ಏಟು ತಡೆದುಕೊಳ್ಳಲು ಉರುಳಿಸುವ ದಾಳದಲ್ಲಿ, ತಾವಾಗಿಯೇ ಗೆದ್ದ ಹಾಗೆ, ಅಷ್ಟೇ ಅದರ ಮಾತು. ಗೆದ್ದವರಿಗೆ ಏನಾಗುತ್ತದೆ ಎಂದು ಹೇಳುವುದು ಸ್ಪೆಲ್. ಫೈರ್‌ಬಾಲ್‌ನಲ್ಲಿ ಗೆದ್ದರೂ ಅರ್ಧ ಡ್ಯಾಮೇಜ್ ಬೀಳುತ್ತದೆ. ಆರು ಮುಖದ 8 ದಾಳ, ಸರಾಸರಿ 28, ಅದರ ಅರ್ಧ 14. ನಿಮ್ಮ ಗುಂಪಿನ ಕ್ಲೆರಿಕ್ ಹತ್ತಿರ ಉಳಿದಿರುವ ಜೀವಬಲ 11 ಹಿಟ್ ಪಾಯಿಂಟ್ ಆದರೆ ನೀವೇ ಅವಳನ್ನು ಮಲಗಿಸಿದ ಹಾಗೆ. ಅದೇ ಹಿಪ್ನಾಟಿಕ್ ಪ್ಯಾಟರ್ನ್ ಹಾಕಿ ನೋಡಿ. ಅಲ್ಲಿ ಗೆದ್ದವರಿಗೆ ಏನೂ ಆಗುವುದಿಲ್ಲ, ಕೊಟ್ಟ ಸಾರ್ಸರಿ ಪಾಯಿಂಟ್ ಪೂರ್ತಿ ವಸೂಲಾಗುತ್ತದೆ.

ಟ್ವಿನ್ಡ್ ಸ್ಪೆಲ್ ಬಗ್ಗೆ ಸ್ವಲ್ಪ ಉದ್ದ ಹೇಳಲೇಬೇಕು. ಒಬ್ಬರಿಗೆ ಮಾತ್ರ ತಗಲುವ ಸ್ಪೆಲನ್ನು ಇಬ್ಬರಿಗೆ ತಗಲಿಸುತ್ತದೆ, ಸ್ಪೆಲ್‌ನ ಲೆವೆಲ್ ಎಷ್ಟೋ ಅಷ್ಟು ಪಾಯಿಂಟ್ ಖರ್ಚು. ಎಲ್ಲರಿಗೂ ಇಷ್ಟವಾದದ್ದು ಹೇಸ್ಟ್: 3 ಪಾಯಿಂಟ್, ಇಬ್ಬರು ಗೆಳೆಯರಿಗೆ ಡಬಲ್ ಓಟ, ಒಂದೊಂದು ಹೆಚ್ಚಿನ ಆಕ್ಷನ್. ಇಬ್ಬರಿಗೆ ತಗಲಿತು ಅಂದಮಾತ್ರಕ್ಕೆ ಎರಡು ಸ್ಪೆಲ್ ಆಗಲಿಲ್ಲ. ಸ್ಪೆಲ್ ಒಂದೇ, ಅದನ್ನು ಹಿಡಿದಿಡುವ ಏಕಾಗ್ರತೆ, ಅಂದರೆ ಕಾನ್ಸಂಟ್ರೇಷನ್, ಅದೂ ಒಂದೇ. ಒಂದು ಆಟದಲ್ಲಿ ಫೈಟರ್, ಪ್ಯಾಲಡಿನ್ ಇಬ್ಬರಿಗೂ ಹೇಸ್ಟ್ ಸಿಕ್ಕಿತು. ಇಬ್ಬರೂ ಜೋಶ್‌ನಲ್ಲಿ ಓಗರ್‌ಗಳ ನಡುವೆ ನುಗ್ಗಿದರು. ಹಿಂದೆ ನಿಂತಿದ್ದ ಸಾರ್ಸರರ್‌ಗೆ ಯಾವುದೋ ಗಾಬ್ಲಿನ್ ಬಿಟ್ಟ ಬಾಣ ತಗಲಿತು, 5 ಡ್ಯಾಮೇಜ್. ಕಾನ್ಸಂಟ್ರೇಷನ್ ಉಳಿಯಲು ಸೇವಿಂಗ್ ಥ್ರೋನಲ್ಲಿ 10 ಬರಬೇಕಿತ್ತು, ಬಂದದ್ದು 7. ಹೇಸ್ಟ್ ಮುಗಿದರೆ ಅದು ಇದ್ದವರು ತಮ್ಮ ಮುಂದಿನ ಸರದಿ ಕಳೆಯುವವರೆಗೆ ಅಲುಗಾಡುವಂತಿಲ್ಲ, ಆಕ್ಷನ್ನೂ ಇಲ್ಲ. ಹೀಗೆ ಇಬ್ಬರೂ ಓಗರ್‌ಗಳ ಮುಂದೆ ಕಂಬದ ಹಾಗೆ ನಿಂತರು. ಸಾರ್ಸರರ್ ಆಡುತ್ತಿದ್ದವರು, ಒಬ್ಬರದ್ದು ಹೋಗಲಿ, ಇನ್ನೊಬ್ಬರದ್ದಾದರೂ ಉಳಿಯಬೇಕಲ್ವಾ ಎಂದು ಬಹಳ ಹೊತ್ತು ವಾದಿಸಿದರು. ಸಾರಿ, ಉಳಿಯುವುದಿಲ್ಲ. ಕಾನ್ಸಂಟ್ರೇಷನ್ನಿನ ಸಾಲನ್ನು ಟ್ವಿನ್ಡ್ ತಿದ್ದಿಲ್ಲ.

ಕ್ವಿಕನ್ಡ್ ಕೂಡ ಇದೇ ಕತೆ. 2 ಪಾಯಿಂಟ್‌ಗೆ, ಸರದಿಯ ಮುಖ್ಯ ಕೆಲಸವಾದ ಆಕ್ಷನ್ನಿನ ಸ್ಪೆಲ್ ಜೊತೆಗಿನ ಚಿಕ್ಕ ಕೆಲಸವಾದ ಬೋನಸ್ ಆಕ್ಷನ್ನಿಗೆ ಬರುತ್ತದೆ. ಹಾಗಾದರೆ ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್? ಇಲ್ಲ. ಬೋನಸ್ ಆಕ್ಷನ್ನಿನಲ್ಲಿ ಸ್ಪೆಲ್ ಹಾಕಿದವರು ಆ ಸರದಿಯಲ್ಲಿ ಜೊತೆಗೆ ಹಾಕಬಹುದಾದದ್ದು ಒಂದು ಆಕ್ಷನ್ನಿನ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಸ್ಪೆಲ್) ಮಾತ್ರ ಅನ್ನುವ ಸಾಮಾನ್ಯ ನಿಯಮ ಹಾಗೇ ಇದೆ. 2024ರಲ್ಲಿ ಇಂಥದೇ ತಡೆಯನ್ನು ಕ್ವಿಕನ್ಡ್‌ನ ವಿವರಣೆಯೊಳಗೇ ಬರೆದಿದ್ದಾರೆ. ನನ್ನ ಹಾಗೆ ಹೇಳಿ ಹೇಳಿ ಸುಸ್ತಾದವರು ಬಹಳ ಮಂದಿ ಇದ್ದಿರಬೇಕು.

ಸಟಲ್ ಸ್ಪೆಲ್ ನನಗೆ ಪ್ರೀತಿಯದ್ದು. ಮಂತ್ರದ ಉಚ್ಚಾರವೂ ಬೇಡ, ಕೈಸನ್ನೆಯೂ ಬೇಡ. ಯಾವಾಗಲೂ ಮಾತೇ ಆಡದ ಒಬ್ಬ ಆಟಗಾರ ಒಂದು ರಾತ್ರಿ ಆಸ್ಥಾನದಲ್ಲಿ ರಾಜನ ಮೇಲೆ ಸಟಲ್ ಮಾಡಿದ ಸಜೆಷನ್ ಹಾಕಿದ. ಯಾರಿಗೂ ತಿಳಿಯದ ಹಾಗೆ ರಾಜನ ಮನಸ್ಸು ತಿರುಗಿಸುತ್ತೇನೆ ಅಂದ. ಒಳ್ಳೆಯ ಯೋಚನೆಯೇ. ಆದರೆ ಸಜೆಷನ್ ತಗಲಬೇಕಾದರೆ ನೀವು ಹೇಳಿದ್ದು ಎದುರಿನವರಿಗೆ ಕೇಳಿಸಬೇಕು, ಅರ್ಥವೂ ಆಗಬೇಕು. ಅದು ಮಂತ್ರದ ಉಚ್ಚಾರವಲ್ಲ, ಸ್ಪೆಲ್ ಮಾಡುವ ಕೆಲಸದ ಭಾಗ. ನನಗೆ ಗೊತ್ತಿರುವ ಡಿಎಂಗಳಲ್ಲಿ ಹೆಚ್ಚಿನವರು ಹೀಗೇ ಓದುತ್ತಾರೆ. ಜೊತೆಗೆ 2014ರ ನಿಯಮದಲ್ಲಿ ಸಾಮಗ್ರಿಯ ಖಾನೆಯನ್ನು ಸಟಲ್ ಮುಟ್ಟುವುದಿಲ್ಲ. ಸಜೆಷನ್‌ಗೆ ಹಾವಿನ ನಾಲಿಗೆ ಇತ್ಯಾದಿ ಬೇಕು, ಅದರ ಬದಲು ಫೋಕಸ್, ಅಂದರೆ ಮಾಂತ್ರಿಕನ ಕೋಲಿನಂಥದ್ದು, ಆದರೂ ಕೈಯಲ್ಲಿರಬೇಕು. ಪಾಪ, ಹುಡುಗನ ಮುಖ ಸಪ್ಪಗಾಯಿತು. "ರಾಜನ ಹತ್ತಿರ ಮಾಮೂಲಿ ಮಾತಾಡುವ ಹಾಗೆ ಹೇಳು, ಕೋಲು ಹೇಗೂ ಕೈಯಲ್ಲಿದೆ" ಅಂದೆ. ತೆರಿಗೆ ಇಳಿಸುವ ಬಗ್ಗೆ ಎರಡು ವಾಕ್ಯ ಹೇಳಿದ ನೋಡಿ, ಮಂತ್ರಿ ಆಡುತ್ತಿದ್ದ ನಾನೇ ತಲೆದೂಗಿದೆ.

ಇದೇ ಆಟದ ಹಳೆಯ ಆವೃತ್ತಿ 3.5 ಆಡುವವರು ಈಗಲೂ ಇದ್ದಾರೆ, ಅವರ ಎಡವಟ್ಟೇ ಬೇರೆ. ಅಲ್ಲಿ ಎಂಪವರ್ ಮಾಡಿದ, ಅಂದರೆ ಡ್ಯಾಮೇಜಿಗೆ ಅದರರ್ಧ ಸೇರಿಸಿದ, ಫೈರ್‌ಬಾಲ್ 5ನೇ ಲೆವೆಲ್ ಸ್ಲಾಟ್‌ನಲ್ಲಿ (ಸ್ಪೆಲ್ ಹಾಕಲು ಖರ್ಚಾಗುವ ಜಾಗ) ಕೂರುತ್ತದೆ. ಕೂತ ಮಾತ್ರಕ್ಕೆ ಅದು 5ನೇ ಲೆವೆಲ್ ಸ್ಪೆಲ್ ಆಗುವುದಿಲ್ಲ. ಸೇವಿಂಗ್ ಥ್ರೋ ಲೆಕ್ಕಕ್ಕೆ ಅದಿನ್ನೂ 3ನೇ ಲೆವೆಲ್. 3ನೇ ಲೆವೆಲ್‌ವರೆಗಿನ ಸ್ಪೆಲ್‌ಗಳನ್ನು ತಡೆಯುವ ಲೆಸರ್ ಗ್ಲೋಬ್ ಇದನ್ನೂ ತಡೆಯುತ್ತದೆ. ಲೆವೆಲ್ ನಿಜವಾಗಿ ಏರಿಸುವುದು ಹೈಟನ್ ಒಂದೇ. 10 ದಾಳದ ಫೈರ್‌ಬಾಲ್‌ಗೆ, ಪ್ರತಿ ದಾಳವನ್ನೂ 6 ಎಂದೇ ಎಣಿಸುವ ಮ್ಯಾಕ್ಸಿಮೈಸ್, ಎಂಪವರ್ ಎರಡನ್ನೂ ಹಾಕಿದರೆ 60ರ ಮೇಲೆ ಅದರರ್ಧ ಸೇರಿಸಿ 90 ಎನ್ನುತ್ತಾರೆ. ಅದೂ ಅಲ್ಲ. 60 ಖಾತ್ರಿ, ಅದಕ್ಕೆ ಸೇರುವುದು ದಾಳ ಉರುಳಿಸಿ ಬಂದದ್ದರ ಅರ್ಧ. 10 ದಾಳದ ಸರಾಸರಿ 35, ಅರ್ಧ ಹದಿನೇಳೂವರೆ. ಒಟ್ಟು 77ರ ಆಸುಪಾಸು. 8ನೇ ಲೆವೆಲ್ ಸ್ಲಾಟ್ ಕೊಟ್ಟು ಇಷ್ಟೇನಾ ಅನಿಸಿದರೆ, ಹೌದು, ಇಷ್ಟೇ.

2024ರ ಪುಸ್ತಕ ಇಟ್ಟುಕೊಂಡವರಿಗೆ ಒಂದು ಮಾತು. ಅಲ್ಲಿ ಕೇರ್‌ಫುಲ್ ಹಾಕಿದರೆ ಆರಿಸಿದವರಿಗೆ ಆ ಅರ್ಧ ಡ್ಯಾಮೇಜೂ ಇಲ್ಲ. ಟ್ವಿನ್ಡ್‌ಗೆ 1 ಪಾಯಿಂಟ್ ಸಾಕು, ಆದರೆ ದೊಡ್ಡ ಸ್ಲಾಟ್‌ನಲ್ಲಿ ಹಾಕಿದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳುವ ಸ್ಪೆಲ್‌ಗಳಿಗೆ ಮಾತ್ರ. ಹೇಸ್ಟ್ ಅದರೊಳಗೆ ಬರುವುದಿಲ್ಲ. ಯಾವ ವರ್ಷದ ಪುಸ್ತಕ ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇದ್ಯಾವುದೂ ಸಾಲದು, ನನಗೆ ನನ್ನದೇ ಮೆಟಾಮ್ಯಾಜಿಕ್ ಬೇಕು ಅನ್ನುವವರೂ ಬರುತ್ತಾರೆ. ಬೇಡ ಅನ್ನುವುದಿಲ್ಲ. ಯಾವ ಸಾಲು ಬದಲಾಗುತ್ತದೆ, ಎಷ್ಟು ಪಾಯಿಂಟ್, ಎರಡೇ ವಾಕ್ಯದಲ್ಲಿ ಬರೆದು ತನ್ನಿ. ಎರಡು ಸಾಲು ಬದಲಾಗುತ್ತದೆ ಎಂದಾದರೆ ಅದನ್ನು ಹೊಸ ಸ್ಪೆಲ್ ಅಂತಲೇ ಬರೆಯಿರಿ, ಕೂತು ಲೆವೆಲ್ ನೋಡೋಣ. ಇನಿಶಿಯೇಟಿವ್ ಉರುಳಿಸಿ ಕಾಳಗ ಶುರುವಾದ ಮೇಲೆ ಮಾತ್ರ ದಯವಿಟ್ಟು ಕೇಳಬೇಡಿ.