ಪದ ಪರಿಚಯ: ಸೆಲ್ಯುಲೋಸ್ ಸಿಂಥೇಸ್ ಸಂಕೀರ್ಣ ಮತ್ತು ಅದರ ಸಾಗಣೆ

ಸಸ್ಯಕೋಶದ ಭಿತ್ತಿಗೆ ಬೇಕಾದ ಪೆಕ್ಟಿನ್, ಹೆಮಿಸೆಲ್ಯುಲೋಸ್‌ಗಳು ಕೋಶದೊಳಗಿನ ಗಾಲ್ಗಿ ಎಂಬ ಪೊರೆತಟ್ಟೆಗಳ ಅಟ್ಟಿಯಲ್ಲೇ ತಯಾರಾಗಿ, ಪುಟ್ಟ ಪೊರೆಚೀಲಗಳಲ್ಲಿ ಹೊರಗೆ ಹೋಗುತ್ತವೆ. ಸೆಲ್ಯುಲೋಸ್‌ ಹಾಗಲ್ಲ, ಅದು ಹುಟ್ಟುವುದೇ ಕೋಶಪೊರೆಯಲ್ಲಿ. ಸಾವಿರಾರು ಗ್ಲೂಕೋಸ್ ಘಟಕಗಳ ಸರಪಳಿಗಳು ಒತ್ತೊತ್ತಾಗಿ ಅಂಟಿಕೊಂಡು ನೀರಿಗೆ ಕರಗದ ಗಟ್ಟಿ ಎಳೆಯಾಗುತ್ತವೆ. ಅಂಥದ್ದನ್ನು ಒಳಗೆ ತಯಾರಿಸಿ ಚೀಲದಲ್ಲಿ ತುಂಬಿ ಕಳಿಸುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಆದ್ದರಿಂದ ಕೋಶ ಸಾಗಿಸುವುದು ಸೆಲ್ಯುಲೋಸ್ ನೇಯುವ ಮಗ್ಗವನ್ನು. ಆ ಮಗ್ಗದ ಹೆಸರೇ ಸೆಲ್ಯುಲೋಸ್ ಸಿಂಥೇಸ್ ಸಂಕೀರ್ಣ.

1980ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದು ಆರು ಎಸಳಿನ ಹೂವಿನಂತೆ ಕಂಡಿತು. ಪೊರೆಯಲ್ಲಿ ಅದರ ಅಗಲ ಸುಮಾರು 25 ನ್ಯಾನೊಮೀಟರ್. ಒಂದೊಂದು ಎಸಳಿನಲ್ಲೂ ಸೀಸಾ ಎಂಬ ಕಿಣ್ವದ ಮೂರು ಅಣುಗಳಿವೆ, ಒಟ್ಟು 18 ಎಂಬುದು ಈಗ ಹೆಚ್ಚಿನವರು ಒಪ್ಪುವ ಲೆಕ್ಕ. ಒಂದು ಅಣು ಒಂದು ಸರಪಳಿಯನ್ನು ಹೆಣೆಯುತ್ತದೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸೀಸಾ ವಂಶವಾಹಿಗಳು 10 ಇವೆ. ಬೆಳೆಯುತ್ತಿರುವ ಕೋಶದ ಪ್ರಾಥಮಿಕ ಭಿತ್ತಿಗೆ 1, 3 ಮತ್ತು 6ರ ಗುಂಪು, ನೀರು ಸಾಗಿಸುವ ನಾಳಗಳ ದಪ್ಪ ಭಿತ್ತಿಗೆ 4, 7, 8. ಈ ಕೊನೆಯ ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಪೊರೆಯಲ್ಲಿನ ತಮ್ಮ ಜಾಗಕ್ಕೆ ಸರಿಯಾಗಿ ತಲುಪುವುದಿಲ್ಲ. ಜೋಡಣೆ ಪೂರ್ತಿಯಾಗದೆ ಪಯಣವಿಲ್ಲ ಎನ್ನಬಹುದು.

ಜೋಡಣೆ ನಡೆಯುವುದು ಗಾಲ್ಗಿಯಲ್ಲಿ. ಸ್ಟೆಲ್ಲೊ ಎಂಬ ಪ್ರೋಟೀನುಗಳು ಅದಕ್ಕೆ ನೆರವಾಗುತ್ತವೆ. ಗಾಲ್ಗಿಗಳೇನೂ ನಿಂತಲ್ಲೇ ನಿಲ್ಲುವುದಿಲ್ಲ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಕೋಶದ ತುಂಬ ಓಡಾಡುತ್ತಿರುತ್ತವೆ. ಆಕ್ಟಿನ್ ಕೆಟ್ಟರೆ ಸಂಕೀರ್ಣಗಳು ಪೊರೆಯಲ್ಲಿ ಅಲ್ಲಲ್ಲಿ ಗುಂಪುಗೂಡಿ, ಉಳಿದೆಡೆ ವಿರಳವಾಗುತ್ತವೆ. ಗಾಲ್ಗಿಯಿಂದ ಹೊರಟ ಪೊರೆಚೀಲ ಇಳಿಯುವ ಜಾಗವೂ ಮನಬಂದಂತೆ ಆಯ್ಕೆಯಾದದ್ದಲ್ಲ. ಪೊರೆಯ ಒಳಮೈಗೆ ಅಂಟಿಕೊಂಡ ಮೈಕ್ರೋಟ್ಯೂಬ್ಯೂಲ್ ಎಂಬ ಸೂಕ್ಷ್ಮ ಕೊಳವೆಗಳ ಬಳಿಯೇ ಹೆಚ್ಚಾಗಿ ಇಳಿಯುತ್ತದೆ. ಚೀಲವನ್ನು ಪೊರೆಗೆ ಹಿಡಿದು ಕಟ್ಟಲು ಎಕ್ಸೊಸಿಸ್ಟ್ ಎಂಬ ಪ್ರೋಟೀನು ತಂಡವಿದೆ. ಇಳಿದ ಸಂಕೀರ್ಣ ಒಂದು ನಿಮಿಷದಷ್ಟು ಹೊತ್ತು ಅಲ್ಲೇ ನಿಂತು, ಆಮೇಲೆ ನಿಧಾನವಾಗಿ ಸರಿಯತೊಡಗುತ್ತದೆ.

ಈ ಸರಿಯುವಿಕೆಯನ್ನು 2006ರಲ್ಲಿ ಜೀವಂತ ಕೋಶದಲ್ಲೇ ಕಂಡರು. ಸೀಸಾ-6ಕ್ಕೆ ಹಳದಿಯಾಗಿ ಹೊಳೆಯುವ ಪ್ರೋಟೀನು ಜೋಡಿಸಿದಾಗ, ಮಿನುಗುವ ಚುಕ್ಕೆಗಳು ಮೈಕ್ರೋಟ್ಯೂಬ್ಯೂಲ್‌ಗಳ ಗುಂಟ ನಿಮಿಷಕ್ಕೆ ಸುಮಾರು 300 ನ್ಯಾನೊಮೀಟರ್ ವೇಗದಲ್ಲಿ ಸಾಗುತ್ತಿದ್ದವು. ಇಲ್ಲಿ ಹಲವರು ಎಡವುತ್ತಾರೆ. ಕೊಳವೆಗಳೇ ಸಂಕೀರ್ಣವನ್ನು ಎಳೆದೊಯ್ಯುತ್ತವೆ ಎಂದುಕೊಳ್ಳುವುದು ಸಹಜ, ಆದರೆ ಅವು ದಾರಿ ತೋರಿಸುತ್ತವೆಯಷ್ಟೇ. ಈಗಾಗಲೇ ಹೊರಬಂದ ಎಳೆ ಭಿತ್ತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದರ ತುದಿಗೆ ಹೊಸ ಗ್ಲೂಕೋಸ್ ಸೇರುತ್ತ ಹೋದಂತೆ ಆ ತಳ್ಳುವಿಕೆಗೇ ಸಂಕೀರ್ಣ ಪೊರೆಯಲ್ಲಿ ಹಿಂದೆ ಸರಿಯುತ್ತದೆ ಎಂಬುದು ಪ್ರಚಲಿತ ವಿವರಣೆ. ಕೊಳವೆಗಳನ್ನು ಔಷಧ ಹಾಕಿ ಕರಗಿಸಿದರೂ ಚುಕ್ಕೆಗಳು ಚಲಿಸುತ್ತಲೇ ಇದ್ದದ್ದು ಇದಕ್ಕೆ ಒತ್ತು ಕೊಡುತ್ತದೆ. ದಾರಿಗೂ ಸಂಕೀರ್ಣಕ್ಕೂ ಕೊಂಡಿಯಾಗಿರುವುದು ಸಿಎಸ್‌ಐ-1 ಎಂಬ ಪ್ರೋಟೀನು.

ದಾರಿಗೆ ಇಷ್ಟು ಮಹತ್ವ ಯಾಕೆಂದರೆ, ಸಂಕೀರ್ಣ ಸಾಗಿದ ದಿಕ್ಕಿನಲ್ಲೇ ಸೆಲ್ಯುಲೋಸ್ ಎಳೆ ಬೀಳುತ್ತದೆ, ಎಳೆಗಳು ಸಾಲಾಗಿ ಸುತ್ತಿಕೊಂಡ ದಿಕ್ಕಿನಲ್ಲಿ ಕೋಶ ಸುಲಭವಾಗಿ ಹಿಗ್ಗಲಾರದು. ಎಳೆಗಳು ಅಡ್ಡಡ್ಡ ಸುತ್ತಿದ್ದರೆ ಕೋಶ ಉದ್ದಕ್ಕೆ ಬೆಳೆಯುತ್ತದೆ. ಸಿಎಸ್‌ಐ-1 ಇಲ್ಲದ ಗಿಡಗಳಲ್ಲಿ ಕೋಶಗಳು ಊದಿ ಗಿಡ್ಡವಾಗುತ್ತವೆ.

ಪೊರೆಗೆ ಬಂದ ಸಂಕೀರ್ಣ ಅಲ್ಲೇ ಶಾಶ್ವತವಾಗಿ ಉಳಿಯುವುದೂ ಇಲ್ಲ. ಕ್ಲ್ಯಾತ್ರಿನ್ ಎಂಬ ಪ್ರೋಟೀನಿನ ಹೊದಿಕೆಯಿರುವ ಚೀಲಗಳಲ್ಲಿ ಅದು ಒಳಕ್ಕೆ ಮರಳುತ್ತದೆ. ನೀರಿನ ಒತ್ತಡ ಏರುಪೇರಾದಾಗ, ಅಥವಾ ಐಸೊಕ್ಸಾಬೆನ್ ಎಂಬ ಕಳೆನಾಶಕ ತಗುಲಿದಾಗ, ಸಂಕೀರ್ಣಗಳು ಪೊರೆಯಿಂದ ಮಾಯವಾಗಿ ಮೈಕ್ರೋಟ್ಯೂಬ್ಯೂಲ್‌ಗಳಿಗೆ ಅಂಟಿಕೊಂಡ ಚಿಕ್ಕ ಚೀಲಗಳಲ್ಲಿ ಸೇರಿಕೊಳ್ಳುತ್ತವೆ. ಆ ತೊಂದರೆ ಕಳೆದ ಮೇಲೆ ಅಲ್ಲಿಂದಲೇ ಪೊರೆಗೆ ವಾಪಸು. ಸೀಸಾ-3 ಅಥವಾ ಸೀಸಾ-6ರಲ್ಲಿ ಒಂದೇ ಅಮೈನೊ ಆಮ್ಲ ಬದಲಾದ ಕೆಲವು ಅರಾಬಿಡಾಪ್ಸಿಸ್ ಸಸಿಗಳು ಮಾತ್ರ ಐಸೊಕ್ಸಾಬೆನ್‌ಗೆ ಜಗ್ಗುವುದಿಲ್ಲ.