ಸ್ಯಾಲಿಕ್ ಕಾನೂನು: ನಾಲ್ಕು ವರ್ಷದ ಹುಡುಗಿಯ ಕೈತಪ್ಪಿದ ಫ್ರಾನ್ಸ್

ಯುರೋಪಿನ ರಾಜಮನೆತನಗಳ ಬಗ್ಗೆ ಏನೇ ಓದಿದರೂ ‘ಸ್ಯಾಲಿಕ್ ಕಾನೂನು’ ಅನ್ನೋ ಹೆಸರು ಒಂದಲ್ಲ ಒಂದು ಕಡೆ ಎದುರಾಗುತ್ತದೆ. ಅರ್ಥ ಸರಳ: ಹೆಣ್ಣಿಗೆ ಪಟ್ಟವಿಲ್ಲ. ಬಿಗಿಯಾಗಿ ಪಾಲಿಸುವ ಕಡೆ ರಾಜನ ಮಗಳಷ್ಟೇ ಅಲ್ಲ, ಮಗಳ ಮಗನೂ ಲೆಕ್ಕಕ್ಕೆ ಬರುವುದಿಲ್ಲ. ಇದರ ಸಡಿಲ ರೂಪಕ್ಕೆ ಅರೆ-ಸ್ಯಾಲಿಕ್ ಅನ್ನುತ್ತಾರೆ. ಅಲ್ಲಿ ದೂರದ ದಾಯಾದಿಗಳೂ ಸೇರಿ ವಂಶದಲ್ಲಿ ಒಬ್ಬ ಗಂಡಸೂ ಉಳಿಯದಿದ್ದಾಗ ಮಾತ್ರ ಹೆಣ್ಣಿಗೆ ಅವಕಾಶ. ಇಂಗ್ಲೆಂಡಿನದು ಬೇರೆ ದಾರಿ. ತಮ್ಮನಿದ್ದರೆ ಅಕ್ಕ ಹಿಂದೆ ಸರಿಯಬೇಕಿತ್ತು, ಗಂಡುಮಕ್ಕಳೇ ಇಲ್ಲದಿದ್ದರೆ ಮಗಳು ರಾಣಿಯಾಗಬಹುದಿತ್ತು.

‘ಹೀಗಾಗಿದ್ದರೆ ಏನಾಗ್ತಿತ್ತು’ ಅಂತ ಇತಿಹಾಸವನ್ನು ಬೇರೆ ದಾರಿಗೆ ತಿರುಗಿಸಿ ನೋಡುವವರಿಗೆ ಈ ಕಾನೂನು ಬಹಳ ಇಷ್ಟ. ಹೆಚ್ಚಿನವರು ತಮ್ಮ ಕಥೆಯನ್ನು 1328ರಿಂದ, ಇಂಗ್ಲೆಂಡಿನ ಮೂರನೇ ಎಡ್ವರ್ಡ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ನಿಜವಾದ ತಿರುವು ಇರುವುದು ಅದಕ್ಕೂ 12 ವರ್ಷ ಹಿಂದೆ, ಜೋನ್ ಎಂಬ ಪುಟ್ಟ ಹುಡುಗಿಯ ಬದುಕಿನಲ್ಲಿ.

ಮೊದಲು ಈ ಹೆಸರು ಎಲ್ಲಿಂದ ಬಂತು ನೋಡೋಣ. ಸ್ಯಾಲಿಯನ್ ಫ್ರಾಂಕ್ ಎಂಬ ಪಂಗಡದವರ ಕಟ್ಟಳೆಗಳನ್ನು ಕ್ರಿ.ಶ. 500ರ ಆಸುಪಾಸಿನಲ್ಲಿ, ಕ್ಲೋವಿಸ್ ರಾಜನ ಕಾಲದಲ್ಲಿ, ಲ್ಯಾಟಿನ್‌ನಲ್ಲಿ ಬರೆದಿಟ್ಟರು. ಅದರಲ್ಲಿ ಸಿಂಹಾಸನದ ಮಾತೇ ಇಲ್ಲ. ಹಂದಿ ಕದ್ದರೆ ಎಷ್ಟು ದಂಡ, ಹಾಲು ಕುಡಿಯುವ ಹಂದಿಮರಿ ಕದ್ದರೆ ಎಷ್ಟು, ಜೇನುಗೂಡು ಕದ್ದರೆ ಎಷ್ಟು, ಇಂಥದ್ದೇ ಜಾಸ್ತಿ. ಆಸ್ತಿ ಹಂಚುವ ಅಧ್ಯಾಯದಲ್ಲಿ ಒಂದೇ ಒಂದು ಕಡೆ, ‘ಸ್ಯಾಲಿಕ್ ಭೂಮಿ’ಯಲ್ಲಿ ಹೆಣ್ಣಿಗೆ ಪಾಲಿಲ್ಲ ಎಂದಿದೆ. ಅದನ್ನೂ ಆರನೇ ಶತಮಾನದಲ್ಲೇ ಚಿಲ್ಪೆರಿಕ್ ರಾಜ ಸಡಿಲಿಸಿ, ಗಂಡುಮಕ್ಕಳಿಲ್ಲದ ಮನೆಯಲ್ಲಿ ಜಮೀನು ಮಗಳಿಗೆ ಹೋಗಲಿ ಅಂದಿದ್ದ.

ಇನ್ನು 1316ಕ್ಕೆ ಬರೋಣ. ಫ್ರಾನ್ಸ್‌ನ ಕಪೇಶಿಯನ್ ರಾಜರಿಗೆ 987ರಿಂದ ಅಲ್ಲಿಯವರೆಗೂ ಅಪ್ಪನ ನಂತರ ಮಗ ಎಂಬ ಸಾಲು ಒಮ್ಮೆಯೂ ತಪ್ಪಿರಲಿಲ್ಲ. ಹಾಗಾಗಿ ಮಗಳಿಗೆ ಪಟ್ಟ ಸಲ್ಲುತ್ತದೋ ಇಲ್ಲವೋ ಅನ್ನೋ ಪ್ರಶ್ನೆಯೇ ಹುಟ್ಟಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ಹತ್ತನೇ ಲೂಯಿ ತೀರಿಕೊಂಡ. ಎರಡನೇ ಹೆಂಡತಿ ಬಸುರಿ. ನವೆಂಬರ್‌ನಲ್ಲಿ ಗಂಡುಮಗು ಹುಟ್ಟಿತು, ಹುಟ್ಟಿದ ಗಳಿಗೆಯಿಂದಲೇ ರಾಜ. ಐದು ದಿನಕ್ಕೆ ಅದೂ ಹೋಯಿತು. ಉಳಿದವಳು ಮೊದಲ ಹೆಂಡತಿಯ ಮಗಳು ಜೋನ್, ನಾಲ್ಕು ವರ್ಷದವಳು.

ಅವಳಿಗೆ ತಾಯಿಯೂ ಇರಲಿಲ್ಲ. 1314ರಲ್ಲಿ ವ್ಯಭಿಚಾರದ ಆರೋಪ ಹೊರಿಸಿ ತಾಯಿ ಮಾರ್ಗರೆಟ್‌ಳನ್ನು ಶಾತೋ ಗೈಯಾರ್ ಕೋಟೆಯಲ್ಲಿ ಸೆರೆ ಇಟ್ಟಿದ್ದರು, ಮರುವರ್ಷ ಅವಳು ಅಲ್ಲೇ ಸತ್ತಳು. ‘ಈ ಮಗು ನಿಜಕ್ಕೂ ರಾಜನದೇನಾ’ ಅನ್ನೋ ಗುಸುಗುಸು ಅಲ್ಲಿಂದಲೇ ಶುರುವಾಗಿತ್ತು. ಜೋನ್‌ಳ ಚಿಕ್ಕಪ್ಪ ಫಿಲಿಪ್ ತಡಮಾಡಲಿಲ್ಲ. 1317ರ ಜನವರಿ 9ರಂದು ರೀಮ್ಸ್ ಊರಿನ ಬಾಗಿಲುಗಳನ್ನು ಹಾಕಿಸಿ, ಕಾವಲು ನಿಲ್ಲಿಸಿ ಕಿರೀಟ ತೊಟ್ಟ. ಹುಡುಗಿಯ ತಾಯಿಯ ತಾಯಿ, ಸಂತ ಲೂಯಿ ರಾಜನ ಮಗಳು ಆಗ್ನೆಸ್, ಇದು ಅನ್ಯಾಯ ಅಂತ ಪ್ರತಿಭಟಿಸಿದಳು. ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿಸಿ, ಹೆಣ್ಣು ಫ್ರಾನ್ಸ್‌ನ ಪಟ್ಟಕ್ಕೆ ಬರುವುದಿಲ್ಲ ಎಂದು ಹೇಳಿಸಿದರು. ಆ ಸಭೆಯಲ್ಲಿ ಸ್ಯಾಲಿಕ್ ಕಾನೂನಿನ ಹೆಸರು ಯಾರೂ ಎತ್ತಲಿಲ್ಲ. ಜೋನ್‌ಳ ಪರ ನಿಂತಿದ್ದ ಸೋದರಮಾವ, ಬರ್ಗಂಡಿಯ ಡ್ಯೂಕ್, 1318ರಲ್ಲಿ ಅದೇ ಫಿಲಿಪ್‌ನ ಮಗಳನ್ನು ಮದುವೆಯಾಗಿ ಸುಮ್ಮನಾದ. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ನೋವಾಗುವುದು ಇಲ್ಲೇ. ಒಬ್ಬ ಗಟ್ಟಿ ಪೋಷಕ ಕೊನೆತನಕ ಜೊತೆಗಿದ್ದಿದ್ದರೆ ಆ ಹುಡುಗಿ ರಾಣಿಯಾಗಲೂಬಹುದಿತ್ತು.

ಫಿಲಿಪ್ ಹಾಕಿಕೊಟ್ಟ ದಾರಿ ಅವನ ಮನೆಗೇ ಮುಳುವಾಯಿತು. 1322ರಲ್ಲಿ ಅವನು ಸತ್ತಾಗ ಇದ್ದದ್ದು ಹೆಣ್ಣುಮಕ್ಕಳು ಮಾತ್ರ. ಅಣ್ಣನ ಮಗಳಿಗೆ ಮಾಡಿದ್ದೇ ಅವನ ಮಕ್ಕಳಿಗೂ ಆಯಿತು, ತಮ್ಮ ಚಾರ್ಲ್ಸ್ ರಾಜನಾದ. 1328ರಲ್ಲಿ ಚಾರ್ಲ್ಸ್ ಕೂಡ ಬಸುರಿ ಹೆಂಡತಿಯನ್ನು ಬಿಟ್ಟು ಸತ್ತ. ಏಪ್ರಿಲ್ 1ರಂದು ಹುಟ್ಟಿದ್ದು ಹೆಣ್ಣು. ಆಗ ಪಟ್ಟ ಹೋದದ್ದು ಅವನ ಚಿಕ್ಕಪ್ಪನ ಮಗ ವಾಲ್ವಾದ ಫಿಲಿಪ್‌ಗೆ. ಇಂಗ್ಲೆಂಡಿನ 15 ವರ್ಷದ ಎಡ್ವರ್ಡ್ ಚಾರ್ಲ್ಸ್‌ನ ತಂಗಿಯ ಮಗ, ರಕ್ತಸಂಬಂಧದಲ್ಲಿ ಅವನೇ ಹತ್ತಿರ. ಆದರೂ ತಾಯಿಗಿಲ್ಲದ ಹಕ್ಕು ಮಗನಿಗೆ ಹೇಗೆ ಬಂದೀತು ಅಂತ ಅವನನ್ನು ಬದಿಗಿಟ್ಟರು. ಜೋನ್‌ಗೆ ಸಿಕ್ಕಿದ್ದು ನವಾರ್ ಎಂಬ ಪುಟ್ಟ ರಾಜ್ಯ. ಅಲ್ಲಿ ಹೆಣ್ಣಿಗೆ ಪಟ್ಟವಿತ್ತು. ಅದುವರೆಗೆ ಒಬ್ಬನೇ ರಾಜನ ಕೈಕೆಳಗಿದ್ದ ಫ್ರಾನ್ಸ್ ಮತ್ತು ನವಾರ್ ಹೀಗೆ ಬೇರೆಯಾದವು.

ಹಾಗಾದರೆ ಸ್ಯಾಲಿಕ್ ಕಾನೂನು ಬಂದದ್ದು ಯಾವಾಗ? ಎಲ್ಲ ಮುಗಿದ ಮೇಲೆ. 1358ರ ಹೊತ್ತಿಗೆ ಸೇಂಟ್ ಡೆನಿ ಮಠದ ರಿಚರ್ಡ್ ಲೆಸ್ಕೋ ಎಂಬ ಸನ್ಯಾಸಿ ಹಳೆಯ ಕಟ್ಟಳೆಯನ್ನು ಮತ್ತೆ ಬೆಳಕಿಗೆ ತಂದ. 15ನೇ ಶತಮಾನದಲ್ಲಿ ಇಂಗ್ಲಿಷರ ವಿರುದ್ಧ ವಾದಕ್ಕೆ ಅದನ್ನು ಚೆನ್ನಾಗಿ ಬಳಸಿಕೊಂಡರು. ತೀರ್ಪು ಮೊದಲು ಬಂತು, ಕಾನೂನು ಆಮೇಲೆ ಸಿಕ್ಕಿತು.

ಈಗ ಊಹೆಯ ಮಾತು. 1316ರಲ್ಲಿ ಜೋನ್ ರಾಣಿಯಾಗಿದ್ದರೆ ವಾಲ್ವಾ ವಂಶ ಪಟ್ಟಕ್ಕೇ ಬರುತ್ತಿರಲಿಲ್ಲ, ನವಾರ್ ಫ್ರಾನ್ಸ್ ಜೊತೆಗೇ ಉಳಿಯುತ್ತಿತ್ತು. ಎಡ್ವರ್ಡ್‌ಗೆ ಫ್ರಾನ್ಸ್‌ನ ಪಟ್ಟದ ಮೇಲೆ ಹಕ್ಕು ಕೇಳಲು ನೆಪವೂ ಇರುತ್ತಿರಲಿಲ್ಲ. ಹಾಗಂತ ಇಂಗ್ಲೆಂಡ್-ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧವೇ ನಡೀತಿರಲಿಲ್ಲ ಅನ್ನೋದನ್ನು ನಾನು ಒಪ್ಪಲ್ಲ. 1337ರಲ್ಲಿ ಯುದ್ಧ ಹೊತ್ತಿಕೊಂಡದ್ದು ಫ್ರಾನ್ಸ್‌ನ ನೈಋತ್ಯದ ಗಿಯೆನ್ ಪ್ರಾಂತ್ಯಕ್ಕಾಗಿ. ಇಂಗ್ಲೆಂಡಿನ ರಾಜ ಅಲ್ಲಿ ಫ್ರಾನ್ಸ್ ರಾಜನ ಸಾಮಂತ, ಆ ಜಗಳ ಹೇಗೂ ಇತ್ತು. ಆದರೆ ಅದು ಗಡಿಯ ಜಗಳವಾಗಿ ಉಳಿಯುತ್ತಿತ್ತು, ಕಿರೀಟದ ಜಗಳ ಆಗುತ್ತಿರಲಿಲ್ಲ. ಇಂಗ್ಲೆಂಡಿನ ರಾಜರು ‘ಫ್ರಾನ್ಸ್‌ನ ರಾಜ’ ಅನ್ನೋ ಬಿರುದನ್ನು ಬಿಟ್ಟದ್ದು 1801ರಲ್ಲಿ ಅಂದರೆ ಅದು ಎಷ್ಟು ಆಳಕ್ಕೆ ಇಳಿದಿತ್ತು ನೋಡಿ.

ಒಬ್ಬನೇ ದೊರೆ ಎರಡು ದೇಶ ಆಳುವಾಗ, ಒಂದು ಕಡೆ ಹೆಣ್ಣಿಗೆ ಪಟ್ಟವಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಸರದಿ ಹೆಣ್ಣಿಗೆ ಬಂದಾಗ ಎರಡೂ ಬೇರೆಯಾಗಲೇಬೇಕು. ಬ್ರಿಟನ್ ಮತ್ತು ಜರ್ಮನಿಯ ಹ್ಯಾನೋವರ್ 1714ರಿಂದ ಒಂದೇ ದೊರೆಯ ಕೆಳಗಿದ್ದವು. 1837ರಲ್ಲಿ ವಿಕ್ಟೋರಿಯಾ ರಾಣಿಯಾದಾಗ ಅರೆ-ಸ್ಯಾಲಿಕ್ ನಿಯಮದ ಹ್ಯಾನೋವರ್ ಅವಳ ಚಿಕ್ಕಪ್ಪ ಅರ್ನ್ಸ್ಟ್ ಆಗಸ್ಟ್‌ಗೆ ಹೋಯಿತು. ಅವನು ಬಂದವನೇ 1833ರ ಸಂವಿಧಾನವನ್ನು ರದ್ದು ಮಾಡಿದ. ವಿರೋಧಿಸಿದ ಗೋಟಿಂಗನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ಜನಪದ ಕಥೆಗಳ ಗ್ರಿಮ್ ಸಹೋದರರು ಅವರಲ್ಲಿ ಇಬ್ಬರು. ವಿಕ್ಟೋರಿಯಾ ಗಂಡಾಗಿ ಹುಟ್ಟಿದ್ದರೆ 1866ರಲ್ಲಿ ಜರ್ಮನಿಯ ಬಲಿಷ್ಠ ರಾಜ್ಯ ಪ್ರಶ್ಯಾ ಹ್ಯಾನೋವರ್ ನುಂಗಲು ಹೊರಟಾಗ ಎದುರಿಗೆ ಬ್ರಿಟನ್ನಿನ ದೊರೆಯೇ ಇರುತ್ತಿದ್ದ. ಪ್ರಶ್ಯಾದ ಪ್ರಧಾನಿ ಬಿಸ್ಮಾರ್ಕ್ ಅಷ್ಟು ಸಲೀಸಾಗಿ ಕೈ ಹಾಕುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ನೆದರ್ಲೆಂಡ್ಸ್ ಜೊತೆ ಒಂದೇ ದೊರೆಯ ಕೆಳಗಿದ್ದ ಲಕ್ಸೆಂಬರ್ಗ್‌ನದೂ ಇದೇ ಥರ. 1890ರಲ್ಲಿ ನೆದರ್ಲೆಂಡ್ಸ್ ಪಟ್ಟ 10 ವರ್ಷದ ವಿಲ್ಹೆಲ್ಮಿನಾಗೆ ಬಂತು. ಲಕ್ಸೆಂಬರ್ಗ್ ಮಾತ್ರ 1866ರಲ್ಲಿ ಪ್ರಶ್ಯಾಕ್ಕೆ ತನ್ನ ರಾಜ್ಯ ಕಳೆದುಕೊಂಡಿದ್ದ 73 ವರ್ಷದ ದಾಯಾದಿ ಅಡಾಲ್ಫ್‌ಗೆ ಹೋಯಿತು. ಅಡಾಲ್ಫ್‌ನ ಮಗನಿಗೆ ಆರೂ ಹೆಣ್ಣುಮಕ್ಕಳು. 1907ರಲ್ಲಿ ಅಲ್ಲಿ ನಿಯಮ ಬದಲಾಯಿಸಿದರು, 1912ರಲ್ಲಿ ಹಿರಿಮಗಳು ಮಾರೀ ಅಡೆಲೈಡ್ ಪಟ್ಟಕ್ಕೆ ಬಂದಳು.